ಕಾಕಿಯೂ ಹುಡುಕಿದ ಆಮೆ

ಕಾಕಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೊಪ್ಪು ಚಿವುಟಿ ಚಿವುಟಿ ಆ ಸೀಳಿನೊಳಗೆ ಒಂದು ಹಸಿರು ಗೆರೆ ಕಾಯಂ ಆಗಿ ಕೂತುಬಿಟ್ಟಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅದೇ ಉಗುರಿನಿಂದ ನಮ್ಮ ಕಿವಿ ಹಿಂಡುತ್ತಿದ್ದಳು. ನನ್ನ ಎಡಗಿವಿ ಬಲಗಿವಿಗಿಂತ ತುಸು ಉದ್ದ ಇರುವುದಕ್ಕೆ ಅದೇ ಕಾರಣ ಅಂತ ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ.

ರಕ್ತಸಂಬಂಧದ ಕಾಕಿಯಲ್ಲ. ಬಸವಕಲ್ಯಾಣದಲ್ಲಿ ನಮ್ಮ ಹಿತ್ತಲ ಗೋಡೆಯ ಆಚೆ ಆಕೆಯ ಅಂಗಳ. ಕಾಕಾ ತೊಗರಿ ವ್ಯಾಪಾರದವರು, ಮಾತು ಕಡಿಮೆ. ಅವರ ಪಾಲಿನದನ್ನೂ ಕಾಕಿಯೇ ಆಡಿ ಮುಗಿಸುತ್ತಿದ್ದಳು. ನಾನೋ ಮಿಮಿಕ್ರಿ ಮಾಡುವವನು. ಬಸ್ ಕಂಡಕ್ಟರ್, ಹಳೇ ಸಾಮಾನಿನ ಗಾಡಿಯವನು, ನಮ್ಮಪ್ಪನ ಗೊರಕೆ, ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವಂತ ಧ್ವನಿ ಯಾವುದು ಅಂತ ನನಗೇ ಆಗಾಗ ಅನುಮಾನ ಬರುತ್ತದೆ. ಕಾಕಿಯ ನಕಲನ್ನು ಕಾಕಿಯ ಎದುರಿಗೇ ಮಾಡುತ್ತಿದ್ದೆ.

"ಮಂಗ್ಯಾ, ನನಗಿಂತ ನೀನೇ ಚಂದ ಮಾತಾಡ್ತಿ. ನಾಳಿಂದ ನಿಮ್ಮ ಕಾಕಾನ ಸಂಗಟ ಜಗಳಾನೂ ನೀನೇ ಆಡು" ಅನ್ನುತ್ತಿದ್ದಳು.

ಹಳ್ಳಿಖೇಡದಲ್ಲಿ ನಮ್ಮ ಸೋದರಮಾವನ ಕಬ್ಬು ಕಡಿಯುವಾಗ ಒಣ ಸೋಗೆಯ ಅಡಿಯಲ್ಲಿ ಒಂದು ಆಮೆಮರಿ ಸಿಕ್ಕಿತು. ಅಂಗೈಯಷ್ಟೂ ಇರಲಿಲ್ಲ. ಬೆನ್ನ ತುಂಬ ಹಳದಿ ನಕ್ಷತ್ರ. ಕುಡುಗೋಲು ತಾಗಿ ಹಿಂಬದಿಯ ಚಿಪ್ಪಿನ ಅಂಚು ಒಂದು ಚೂರು ಹಾರಿತ್ತು. ಒತ್ತಿದರೆ ಚಿಪ್ಪು ಹಸಿ ಹಪ್ಪಳದ ಹಾಗೆ ಬಗ್ಗುತ್ತಿತ್ತು. ಮನೆಗೆ ತಂದವನೇ ಬಕೆಟ್ ನೀರಿಗೆ ಬಿಟ್ಟೆ. ಆಮೆ ಅಂದರೆ ನೀರು, ಇಷ್ಟೇ ನನ್ನ ವಿದ್ಯೆ.

ಗೋಡೆಯ ಮೇಲಿಂದ ಕಾಕಿ ಇಣುಕಿದಳು. "ಏ, ಅದರ ಕಾಲು ನೋಡೋ. ಆನಿ ಕಾಲಿನಂಗ ಅದಾವ. ಈಜಾಕ ಹುಟ್ಟಿದ್ದಲ್ಲ ಅದು. ತಗಿ ಮೊದಲ."

ಆಕೆಯ ತವರು ಗೋರ್ಟಾ. ಅಲ್ಲಿ ಬಣವೆಯ ಬುಡದಲ್ಲಿ ಇಂಥದೇ ಒಂದು ಆಮೆ ವರ್ಷಗಟ್ಟಲೆ ಇತ್ತಂತೆ. ಇಬ್ಬರೂ ಅದನ್ನು ಎತ್ತಿಕೊಂಡು ದನದ ದವಾಖಾನೆಗೆ ಹೋದೆವು. ಎಮ್ಮೆಗಳ ಸಾಲಿನಲ್ಲಿ ನಮ್ಮದು ಎಲ್ಲಕ್ಕಿಂತ ಸಣ್ಣ ಪೇಶಂಟು. ಬಿಸಿಲು ಬೇಕು, ಸುಣ್ಣದಂಶ ಬೇಕು, ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಹಾಕಿ ಅಂದರು ಡಾಕ್ಟರು. ಜೊತೆಗೇ ಹೇಳಿದರು: "ಇದನ್ನ ಮನ್ಯಾಗ ಸಾಕೂದು ಕಾಯ್ದೆಗೆ ವಿರುದ್ಧ ಅದರಿ. ಅರಣ್ಯ ಇಲಾಖೆಗೆ ತಿಳಸ್ರಿ." ನಾವಿಬ್ಬರೂ ಹೌದ್ರಿ ಅಂದೆವು. ಚಿಪ್ಪು ಗಟ್ಟಿಯಾಗಲಿ, ಆಮೇಲೆ ತಿಳಿಸೋಣ ಅಂತ ದಾರಿಯಲ್ಲಿ ನಮ್ಮಷ್ಟಕ್ಕೆ ನಾವೇ ತೀರ್ಪು ಕೊಟ್ಟುಕೊಂಡೆವು.

ಬೆಳಗಿನ ಬಿಸಿಲು ಬೀಳುತ್ತಿದ್ದದ್ದು ಕಾಕಿಯ ಅಂಗಳದಲ್ಲಿ, ಹಾಗಾಗಿ ಅಲ್ಲೇ ಅದರ ಮನೆ ಆಯಿತು. ಮಾವಿನ ಹಣ್ಣಿನ ಕಟ್ಟಿಗೆ ಪೆಟ್ಟಿಗೆ, ಒಳಗೆ ಮಣ್ಣು ಮರಳು ಕಲಸಿ ಹಾಸಿದ್ದು, ಮೂಲೆಯಲ್ಲಿ ಅವಿತುಕೊಳ್ಳಲು ಒಡೆದ ಗಡಿಗೆಯ ಹೋಳು, ಮೇಲೆ ಬೆಕ್ಕು ಬರದಂತೆ ತಂತಿ ಜಾಲರಿ. ಅರ್ಧ ಬಿಸಿಲು, ಅರ್ಧ ನೆರಳು. "ಅದಕ್ಕ ಬೇಕಾದಾಗ ಕಾಯಲಿ, ಸಾಕಾದಾಗ ಸರೀಲಿ. ಬಿಸಿಲಿಗೆ ಕಟ್ಟಿ ಹಾಕಬಾರದು." ತಿನ್ನಲು ಕರಿಕೆ ಹುಲ್ಲು, ದಾಸವಾಳದ ಎಲೆ ಹೂವು, ಮುಳ್ಳು ಸುಟ್ಟ ಎಳೆ ಪಾಪಾಸುಕಳ್ಳಿ. ಎಲ್ಲ ಆ ಸೀಳುಗುರಿನಿಂದಲೇ ಸಣ್ಣ ಸಣ್ಣಗೆ. ನಮ್ಮವ್ವ ಅಂತಃಕರಣದಿಂದ ಹಾಲಿನಲ್ಲಿ ಚಪಾತಿ ನೆನೆಸಿ ತಂದರೆ ಕಾಕಿ ತಿರುಗಿ ಕಳಿಸಿದಳು: "ಅದನ್ನ ನಿನ್ನ ಮಗಗ ಹಾಕು. ಇದಕ್ಕ ಕೆಲಸ ಅದ, ಬೆಳೀಬೇಕು."

ಮೊಟ್ಟೆ ಸಿಪ್ಪೆಯದೇ ಫಜೀತಿ. ಲಿಂಗ ಕಟ್ಟಿಕೊಂಡ ಮನೆ, ಮೊಟ್ಟೆ ಹೊಸ್ತಿಲು ತುಳಿಯುವ ಹಾಗಿಲ್ಲ. ಆಮ್ಲೆಟ್ ಗಾಡಿಯವನ ಹತ್ತಿರ ಸಿಪ್ಪೆ ಬೇಡಿ ತಂದು ನಾನು ಓಣಿಯಲ್ಲಿ ಕೂತು ಕಲ್ಲಿನಿಂದ ಕುಟ್ಟುತ್ತಿದ್ದೆ. ಕಾಕಿ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತು, "ಇನ್ನಾ ಸಣ್ಣ ಆಗಲಿ. ವಿಭೂತಿಯಂಗ ಆಗಬೇಕು" ಅನ್ನುತ್ತಿದ್ದಳು.

ಚಿಪ್ಪು ಗಟ್ಟಿಯಾಗುತ್ತ ಬಂತು. ಕತ್ತು ಚಾಚಿ ಗತ್ತಿನಿಂದ ನಡೆಯುವುದನ್ನು ನೋಡಿ ಸಾಹೇಬ ಅಂತ ಹೆಸರಿಟ್ಟೆ. ವಾರಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನ ತಾಟಿನಲ್ಲಿ ಸಾಹೇಬನ ಸ್ನಾನ. "ಗದ್ದ ಮುಳುಗೋವಷ್ಟು ನೀರು ಬ್ಯಾಡ. ಮೂಗಿನ್ಯಾಗ ಗುಳ್ಳಿ ಬಂತಂದ್ರ ಪುಪ್ಪಸಕ್ಕ ನೀರು ಇಳದದ ಅಂತ ತಿಳಕೊ" ಅಂತ ನನಗೆ ಹೇಳಿಕೊಟ್ಟವಳು ಆಕೆಯೇ. ಇದನ್ನು ನೆನಪಿಡಿ ಅಂತ ನಿಮಗೆ ಹೇಳಬೇಕಾಗಿಲ್ಲ. ನಾನಂತೂ ಮರೆತಿಲ್ಲ.

ಪರೀಕ್ಷೆ ಮುಗಿಸಿ ಬಂದ ಒಂದು ಮಧ್ಯಾಹ್ನ ಪೆಟ್ಟಿಗೆ ಖಾಲಿ ಇತ್ತು. "ಜಾಲರಿ ಸರದದ ತಮ್ಮಾ. ನಾ ಒಂದೀಟು ಕಣ್ಣು ಮುಚ್ಚಿದ್ದೆ" ಅಂದಳು. ಹುಡುಕಿದೆವು. ಒಂದೊಂದೇ ಕುಂಡ ಎತ್ತಿ ನೋಡಿದಳು. ದಾಸವಾಳದ ಹೂ ಹಿಡಿದು ಗೋಡೆಗುಂಟ ಬಗ್ಗಿ ನಡೆಯುತ್ತ "ಬಾರೋ ಸಾಹೇಬಾ" ಅಂತ ಕರೆದಳು. ಗಟಾರದಲ್ಲಿ ಮೊಳಕೈತನಕ ಕೈ ಹಾಕಿ ತಡಕಿದಳು. ಕಡೆಗೆ ಕಟ್ಟೆಯ ಮೇಲೆ ಕೂತು ಅತ್ತಳು. ಹೋಗಲಿ ಬಿಡು ಕಾಕಿ ಅಂತ ನಾನೇ ಸಮಾಧಾನ ಹೇಳಿದೆ. ಮಿಮಿಕ್ರಿಗೆ ನನಗೆ ಕಪ್ ಕೊಟ್ಟ ಜನ ಆವತ್ತು ನಮ್ಮ ಓಣಿಗೆ ಬರಬೇಕಿತ್ತು.

ಕೆಲವು ವಾರಗಳ ನಂತರ ಗೆಳೆಯನ ಮನೆಯ ಕಾರ್ಯಕ್ರಮದಲ್ಲಿ ಜನರನ್ನು ನಗಿಸಲು ಹುಮನಾಬಾದಿಗೆ ಹೋದೆ. ಅಲ್ಲೇ ಮಾಣಿಕನಗರದಲ್ಲಿ ಕಾಕಿಯ ಅಳಿಯನ ಸೀರೆ ಅಂಗಡಿ. ಕಾಕಿಯ ಮಗಳನ್ನು ನಾನು ಅಕ್ಕ ಅನ್ನುತ್ತಿದ್ದೆ, ಅವಳನ್ನು ಮಾತಾಡಿಸೋಣ ಅಂತ ಹೊಕ್ಕೆ. ಗಲ್ಲಾದ ಮೇಲೆ, ಬೇರೆ ಅಂಗಡಿಗಳಲ್ಲಿ ತಾಟಿನ ನೀರಿನಲ್ಲಿ ಹಿತ್ತಾಳೆ ಆಮೆ ಇಡುತ್ತಾರಲ್ಲ, ಆ ಜಾಗದಲ್ಲಿ ಗಾಜಿನ ಬೋಗುಣಿ. ಅದರ ನೀರಿನಲ್ಲಿ ಸಾಹೇಬ ಮುಂಗಾಲು ಬಡಿಯುತ್ತಿದ್ದ. ಬೆನ್ನ ಮೇಲೆ ಕುಂಕುಮ. ಅಂಚಿನ ಚೂರು ಹಾರಿದ ಗುರುತು ಹಾಗೇ ಇತ್ತು.

"ಜೀವಂತ ಅದ ತಮ್ಮಾ" ಅಂದ ಅಳಿಯ, ಹೆಮ್ಮೆಯಿಂದ. "ಹಿತ್ತಾಳಿದು ಎಲ್ಲಾರ ಹಂತ್ಯಾಕೂ ಇರ್ತದ. ಅತ್ತೀನೇ ತಂದು ಕೊಟ್ಟಾರ."

ಅಕ್ಕ ಒಳಗೆ ಸೀರೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. ಸಾಹೇಬನ ಬಾಯಿ ತೆರೆದಿತ್ತು, ಮೂಗಿನಲ್ಲಿ ಗುಳ್ಳೆ. ನಾನು ಫೋನು ಕಿವಿಗೆ ಹಿಡಿದು ಯಾರ ಧ್ವನಿಯೂ ಅಲ್ಲದ ಧ್ವನಿಯಲ್ಲಿ, "ಇದನ್ನ ಇಟ್ಕೊಂಡವರಿಗೆ ಜೇಲು ಆಗ್ತದ ಮಾಮಾ. ಅರಣ್ಯದವರಿಗೆ ಹಚ್ಚಲೇನು?" ಅಂದೆ. ಅಳಿಯ ತಾನೇ ಬೋಗುಣಿ ಎತ್ತಿಕೊಟ್ಟ.

ಬಸ್ಸಿನಲ್ಲಿ ಅಂಗಿಯ ಒಳಗೆ ಎದೆಗೆ ಒತ್ತಿಕೊಂಡು ತಂದೆ. ಒಯ್ಯುವುದಾದರೂ ಎಲ್ಲಿಗೆ? ಅದರ ಆರೈಕೆ ಗೊತ್ತಿದ್ದ ಬಾಗಿಲು ನನಗೆ ಒಂದೇ ಇತ್ತು.

ಕಾಕಿ ನನ್ನ ಮುಖ ನೋಡಲಿಲ್ಲ, ಅದರ ಬಾಯಿ ನೋಡಿದಳು. "ಯಾವಾಗಿಂದ ಹಿಂಗ ಉಸಿರು ಎಳಿಯಾಕತ್ತಾದ?"

"ನಿನ್ನ ಅಳಿಯನ್ನ ಕೇಳು."

ನೀರು ಕಾಯಿಸಿದಳು, ಒಣ ಬಟ್ಟೆ ತಂದಳು, ಅದರ ತಲೆ ಇಳಿಬಿಟ್ಟು ಒರೆಸತೊಡಗಿದಳು. ಕೈ ಮಾತ್ರ ಎಂದಿನ ಹಾಗೆ ಗಟ್ಟಿ.

"ನೀರಾಗ ಇಡ್ತಾರ ಅಂತ ಗೊತ್ತಿತ್ತೇನು ಕಾಕಿ?"

"ಗೊತ್ತಿತ್ತು."

"ಮತ್ತ ಗಟಾರದಾಗ ಯಾಕ ಕೈ ಹಾಕಿದಿ? ಸುಮ್ಮ ಕುಂತಿದ್ರ ಸಾಕಿತ್ತು."

"ನೀ ಹುಡುಕೂದು ನೋಡಿ ಸುಮ್ಮ ಕೂಡೂದು ಆಗಲಿಲ್ಲ." ಬಟ್ಟೆ ಮಗ್ಗುಲು ಬದಲಿಸಿ ಮತ್ತೆ ಒರೆಸುತ್ತ ಹೇಳಿದಳು: "ಅಂಗಡಿ ನಡೀವಲ್ದು, ಸೊಸಿ ಕಾಲಗುಣ ಛಲೋ ಇಲ್ಲ ಅಂತ ಬೀಗರು ದಿನಾ ಅನ್ನಾಕತ್ತಿದ್ರು. ಜೀವಂತ ಆಮೆ ಇಟ್ರ ಛಲೋ ಆಗ್ತದ ಅಂತ ಯಾರೋ ಅವರ ಕಿವ್ಯಾಗ ಊದ್ಯಾರ. ಇದಕ್ಕ ನಾವಿಬ್ಬರು ಇದ್ದೆವು. ನನ್ನ ಮಗಳಿಗೆ ಅಲ್ಲಿ ಯಾರಿದ್ರು?"

ಉತ್ತರ ಇಲ್ಲದ ಸಿಟ್ಟು ಇಳಿಯುವುದಿಲ್ಲ, ಒಳಗೇ ಗಂಟಾಗುತ್ತದೆ. ಸಾಹೇಬ ಉಳಿದ. ಡಾಕ್ಟರ ಇಂಜೆಕ್ಷನ್ನು, ಕಾಕಿಯ ಬೆಚ್ಚನೆ ಬಟ್ಟೆ. ಅಷ್ಟು ದಿನವೂ ನಾನು ಆಕೆಯ ಅಂಗಳಕ್ಕೆ ಹೋದೆ, ಹೇಳಿದ್ದು ಮಾಡಿದೆ, ಮಾತಾಡಲಿಲ್ಲ. ಆಮೇಲೆ ನಾನೇ ಅರಣ್ಯದವರಿಗೆ ಫೋನ್ ಮಾಡಿದೆ. ಬಂದವರು ಚಿಪ್ಪು ತಿರುಗಿಸಿ ನೋಡಿ, "ಛಲೋ ನೋಡ್ಕೊಂಡೀರಿ. ಯಾರು ಮಾಡಿದ್ರಿ ಇದರ ಆರೈಕೆ?" ಅಂದರು. ಕಾಕಿ ನನ್ನ ಕಡೆ ನೋಡಿದಳು. ನಾನು ಆಕೆಯತ್ತ ಬೊಟ್ಟು ಮಾಡಿದೆ. ಸುಳ್ಳಂತೂ ಅಲ್ಲವಲ್ಲ.

ಹೋದ ಚಳಿಗಾಲದಲ್ಲಿ ಕಾಕಿ ತೀರಿಕೊಂಡಳು. ಒಂದು ಜೀವವನ್ನು ಹೇಗೆ ಕಾಯಬೇಕು ಅಂತ ನನಗೆ ಕಲಿಸಿದ್ದು ಆಕೆ. ಗೊತ್ತಿದ್ದೂ ಹೇಗೆ ಕೈಬಿಡುತ್ತಾರೆ ಅನ್ನುವುದನ್ನೂ ಆಕೆಯೇ ಕಲಿಸಿದಳು. ಆಕೆಯ ದೇಹಕ್ಕೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ ಪಡಸಾಲೆಯಲ್ಲಿ ಕೂರಿಸಿದ್ದರು. ಮಗ್ಗುಲಲ್ಲೇ ಅಕ್ಕ ಗೋಡೆಗೆ ಒರಗಿದ್ದಳು. ಬಂದವರೆಲ್ಲ ಪತ್ರಿ ಹಾಕಿ, ನಮ್ಮಲ್ಲಿ ಕೇಳಿಕೊಳ್ಳುವ ಹಾಗೆ, "ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊವ್ವಾ" ಅಂತ ಕೈ ಮುಗಿಯುತ್ತಿದ್ದರು. ನನ್ನ ಸರದಿ ಬಂತು. ಪತ್ರಿ ಹಾಕಿದೆ, ಕೈ ಮುಗಿದೆ, ಆ ಮಾತು ಆಡಲಿಲ್ಲ. ಅದನ್ನು ನನಗೆ ಆಡಬೇಕಾದಾಕೆ ಎದುರಿಗೆ ಕಣ್ಣು ಮುಚ್ಚಿ ಕೂತಿದ್ದಳು. ಸಾಲು ಹಿಂದೆ ಬೆಳೆಯುತ್ತಿತ್ತು, ನಾನು ಕಾಯುತ್ತಾ ನಿಂತೇ ಇದ್ದೆ.