ಪುಟ್ಟತ್ತೆಯ ಲ್ಯಾಂಡ್‌ಶಿಪ್

ಬೆಸುಗೆ ಹಾಕುವ ಕಾದ ಕಬ್ಬಿಣವನ್ನು ನವಸಾಗರದ ಗಡ್ಡೆಗೆ ಒತ್ತಿದರೆ ಚುಯ್ ಎನ್ನುತ್ತದೆ. ಅರವತ್ತರ ದಶಕದಲ್ಲಿ, ಮೈಸೂರಿನ ಕಾನ್ವೆಂಟ್ ಹಾಸ್ಟೆಲ್ಲಿನಿಂದ ರಜಕ್ಕೆಂದು ಹುಣಸೂರಿಗೆ ಬಂದಾಗಲೆಲ್ಲ ನನ್ನನ್ನು ಎಬ್ಬಿಸುತ್ತಿದ್ದುದು ಆ ಸದ್ದು. ಎದ್ದು ನೋಡಿದರೆ ಹಿತ್ತಲ ಜಗಲಿಯಲ್ಲಿ ಪುಟ್ಟತ್ತೆ, ಅಂದರೆ ನಮ್ಮಪ್ಪನ ತಂಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಪೌಡರ್ ಡಬ್ಬಿಗೆ ಹೊಗೆಕೊಳವೆ ಕೂರಿಸುತ್ತಿರುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅತ್ತೆ ಇದ್ದದ್ದು ಭಾವನ, ಅಂದರೆ ಗಂಡನ ಅಣ್ಣನ ಮನೆಯಲ್ಲಿ. ಅವನು ರಿಟೈರ್ಡ್ ಕ್ಯಾಪ್ಟನ್. ಅವನಿಗೆ ಬಹುವಚನ ಹಚ್ಚಲು ಇವತ್ತಿಗೂ ನನ್ನ ಪೆನ್ನು ಒಪ್ಪುವುದಿಲ್ಲ. ಭಾನುವಾರ ಊಟದ ಮೇಜಿನ ಮೇಲೆ ಸೀಸದ ಸೈನಿಕರನ್ನು ನಿಲ್ಲಿಸಿ, ತಂಬಾಕು ಕಂಪನಿಯ ಆಫೀಸರ್ ಒಬ್ಬರ ಜೊತೆ ಯುದ್ಧದ ಆಟ ಆಡುತ್ತಿದ್ದ. ಸ್ಪ್ರಿಂಗ್ ಇದ್ದ ಪುಟ್ಟ ಹಿತ್ತಾಳೆ ಫಿರಂಗಿಯಿಂದ ಸರದಿಯಂತೆ ಬೆಂಕಿಕಡ್ಡಿ ಹಾರಿಸಬೇಕು, ಬಿದ್ದವನು ಸತ್ತ. ಕಾಫಿ ಕೊಡಲು ಹೋಗುತ್ತಲೇ ಅತ್ತೆ ಎಲ್ಲ ರೂಲ್ಸ್ ಕಲಿತುಬಿಟ್ಟಿದ್ದರು.

ನಾನು ತಂದ ಹಳೆಯ ಇಂಗ್ಲಿಷ್ ಮ್ಯಾಗಜೀನಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದವರು ಕನಸು ಕಂಡ, ನೆಲದ ಮೇಲೆ ಕಾಲೂರಿ ನಡೆಯುವ ಯುದ್ಧದ ಹಬೆಯಂತ್ರಗಳ, ಅಂದರೆ ಲ್ಯಾಂಡ್‌ಶಿಪ್‌ಗಳ ಚಿತ್ರಗಳಿದ್ದವು. ಅತ್ತೆ ಬೆರಳಿಟ್ಟು, "ಇದ್ರ ಒಟ್ಟೇಲಿ ಏನೈತೆ ಅಂತ ಬರ್ದವ್ರೆ, ಓದೇ" ಎನ್ನುತ್ತಿದ್ದರು. ಅದನ್ನು ನೋಡಿ ಅವರು ಕಟ್ಟಿದ್ದಕ್ಕೆ ಪೌಡರ್ ಡಬ್ಬಿಯ ಮೈ, ಛತ್ರಿ ಕಡ್ಡಿಯ ಕಾಲು, ಸೀಸದ ಪಾದ, ಟೈಂಪೀಸಿನ ಹಲ್ಲುಚಕ್ರ, ಟಾರ್ಚಿನ ಗಾಜಿನ ಕಿಟಕಿ. ಮೈ ವರ್ಡ್, ಎಷ್ಟು ಚೆಂದವಿತ್ತು ಆ ಮೊದಲ ಲ್ಯಾಂಡ್‌ಶಿಪ್.

"ನಾನೂ ಒಂದ್ ಕೈ ಆಡ್ತೀನಿ ಭಾವನೋರೆ" ಎಂದು ಅದನ್ನು ಮೇಜಿನ ಮೇಲಿಟ್ಟರು.

"ಅಡುಗೆಮನೆ ಡಬ್ಬ ಯುದ್ಧಕ್ಕೆ ಬಂತು ಕಣ್ರೀ" ಎಂದು ಆಫೀಸರ್ ಕಡೆ ನೋಡಿ ನಕ್ಕ ಭಾವ, ಒಂದೇ ಕಡ್ಡಿಗೆ ಅದನ್ನು ಮಗುಚಿದ. ಅಷ್ಟಕ್ಕೇ ಬಿಡಲಿಲ್ಲ. ಪಾದಗಳನ್ನು ಕಿತ್ತು ಕರಗಿಸಿ, ಲಕ್ಷ್ಮಣತೀರ್ಥದಲ್ಲಿ ಮೀನು ಹಿಡಿಯಲು ಗಾಳದ ಗುಂಡು ಮಾಡಿಕೊಂಡ.

ಅತ್ತೆ ಅಳಲಿಲ್ಲ. "ಹಗುರ ಆಗೋಯ್ತು ಕಣೇ. ನಿಲ್ಸೇ ನಿಲ್ಲಿಸ್ತೀನಿ, ಬುಡು. ತೂಕ ಮನೇಲೇ ಐತೆ" ಎಂದರು.

ದಸರಾ ರಜಕ್ಕೆ ಬಂದಾಗ ಎರಡನೆಯದು ಮೇಜೇರಿತು. ಭಾವನ ಕಡ್ಡಿ ಟಣ್ಣೆಂದು ಬಡಿದು ಬಿತ್ತು. ಮತ್ತೆ ಹೊಡೆದ, ಲ್ಯಾಂಡ್‌ಶಿಪ್ ಅಲುಗಲಿಲ್ಲ. ಆಫೀಸರ್ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡರು. ಕೆರಳಿದ ಭಾವ ಕುದುರೆ ಪಡೆ ಇಳಿಸಲು ತೇಗದ ಪೆಟ್ಟಿಗೆ ತೆರೆದ. ಖಾಲಿ.

"ಎಲ್ಲಿ ನನ್ನ ಕ್ಯಾವಲ್ರಿ?"

ಅತ್ತೆ ಲ್ಯಾಂಡ್‌ಶಿಪ್ಪಿನ ಹೊಟ್ಟೆ ತಟ್ಟಿದರು. "ಎಲ್ಲಾ ಒಳಗವ್ರೆ ಭಾವನೋರೆ, ಕುದ್ರೆ ಸಮೇತ ಕರಗವ್ರೆ. ಈಗ ನನ್ ಸರದಿ ಅಲ್ವಾ?"

ಆಫೀಸರ್ ಮತ್ತೆ ಆ ಮನೆಗೆ ಬರಲಿಲ್ಲ. ಭಾನುವಾರದ ಆಟ ನಿಂತಿತು. ಅತ್ತೆಗೆ ಮಾತ್ರ ಅದು ಮುಗಿದಿರಲಿಲ್ಲ.

ಎಪ್ಪತ್ತರ ದಶಕದಲ್ಲಿ, ಮದುವೆಯಾಗಿ ಮದರಾಸಿಗೆ ಹೊರಡುವ ಮುನ್ನ, ಹೇಳಿಹೋಗಲು ಹುಣಸೂರಿಗೆ ಹೋದೆ. ಭಾವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಪೂರ್ ಥಿಂಗ್ ಎಂದುಕೊಳ್ಳಬೇಕಿತ್ತೇನೋ, ಎಂದುಕೊಳ್ಳಲಿಲ್ಲ. ಬೇಸರ ಕಳೆಯಲೆಂದು ಅವನೇ ಅತ್ತೆಯ ಕಡೆ ನೋಡಿ ತೊದಲಿದ: "ಒಂದು ಗೇಮ್ ಆಡೋಣಮ್ಮ."

ಅತ್ತೆ ಅವನಿಗೆ ಗಂಜಿ ಕುಡಿಸಿ ಬಾಯಿ ಒರೆಸಿದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಲ್ಯಾಂಡ್‌ಶಿಪ್ ಇಟ್ಟರು. ಫಿರಂಗಿಗೆ ಕಡ್ಡಿ ತುಂಬಿ ಅವನ ಬಲಗೈಯ ಬಳಿಯೇ ಇಟ್ಟರು.

"ಮೊದ್ಲು ನೀವೇ ಹೊಡೀರಿ."

ಅವನು ಎಡಗೈ ಚಾಚಿದ.

"ಆ ಕೈಲಲ್ಲ. ಅವತ್ತು ಹೊಡುದ್ರಲ್ಲ, ಆ ಕೈಲಿ."

ನನಗೆ ಬಸ್ಸಿನ ಹೊತ್ತಾಗಿತ್ತು. "ಹೋಗ್ಬುಟ್ಟು ಬಾರವ್ವ" ಎಂದರು, ನನ್ನ ಕಡೆ ತಿರುಗದೆ. ಬಾಗಿಲಿನಿಂದ ಇನ್ನೊಮ್ಮೆ ನೋಡಿದೆ. ಮೊಣಕೈಯನ್ನು ಮಂಚಕ್ಕೆ ಊರಿ, ಗಲ್ಲಕ್ಕೆ ಕೈ ಕೊಟ್ಟು, ಅತ್ತೆ ಅವನ ಬಲಗೈಯನ್ನೇ ನೋಡುತ್ತ ಕೂತಿದ್ದರು. ಅವರಿಗೆ ಅವಸರವೇ ಇರಲಿಲ್ಲ.