ಕುದುರೆ ಪಡುವಣಕ್ಕೆ, ಆಫೀಸು ಮೂಡಣಕ್ಕೆ

ಹಗರೆಯಿಂದ ಹಳೇಬೀಡಿಗೆ ಹೋಗುವ ಬಸ್ಸು ನಮ್ಮ ತೋಟದ ಹತ್ತಿರ ಬಂದಾಗ ಹಳೆಯ ಕಂಡಕ್ಟರುಗಳು ಈಗಲೂ “ಆಫೀಸ್ ಯಾರ್ರೀ, ಆಫೀಸ್” ಎಂದು ಕೂಗುತ್ತಾರೆ. ಅಲ್ಲಿ ಯಾವ ಆಫೀಸೂ ಇಲ್ಲ, ಎಂದೂ ಇರಲಿಲ್ಲ. ಇದ್ದದ್ದು ನಮ್ಮ ಚಿಕ್ಕಪ್ಪನ ಹಂದಿಗಳು. ಈಗ ಹಂದಿಗಳೂ ಇಲ್ಲ, ಚಿಕ್ಕಪ್ಪನೂ ಇಲ್ಲ, ಅವನನ್ನು ಬೈಯುತ್ತಿದ್ದ ಅಜ್ಜಿಯೂ ಇಲ್ಲ. ಹಂದಿಗಳಿದ್ದ ಕಟ್ಟಡದ ತುಂಬ ತೆಂಗಿನ ಸಿಪ್ಪೆ ತುಂಬಿದೆ. ಮೊನ್ನೆ ಆ ಕೂಗು ಕೇಳಿ ನನಗೆ ಮೊದಲು ನಗು ಬಂತು, ಹಿಂದೆಯೇ ಅಳು ಬಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ಪಕ್ಕದ ಸೀಟಿನ ಹೆಂಗಸು ಏನೂ ಕೇಳದೆ ನೀರಿನ ಬಾಟಲಿ ಕೊಟ್ಟಳು.

ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಆರಿ ಉಂಡೆ ಕೊಬ್ಬರಿಯಾಗುವ ತನಕ ಕಾದು, ಅರಸೀಕೆರೆ ಮಾರ್ಕೆಟ್ಟಿಗೆ ಕಳಿಸುತ್ತಿದ್ದೆವು. ಮಠಕ್ಕೆ ನಡೆದುಕೊಳ್ಳುವ, ಪೂಜೆಯಾಗದೆ ಬಾಯಿಗೆ ಹನಿ ನೀರು ಬಿಡದ ಮನೆ. ಅದರ ಯಜಮಾನಿ ಅಜ್ಜಿ. ಮಿಕ್ಕ ಮಕ್ಕಳೆಲ್ಲ ಬೇರೆಯಾದ ಮೇಲೆ ಹಗರೆಯ ಮನೆಯಲ್ಲಿ ಉಳಿದದ್ದು ಅವಳು ಮತ್ತು ಮದುವೆಯ ಗೋಜಿಗೆ ಹೋಗದ ಕಿರಿಮಗ, ನಮ್ಮ ಚಿಕ್ಕಪ್ಪ. ಅಜ್ಜಿ ಪೂಜೆ ಮುಗಿಸಿ ಏಳುವ ಹೊತ್ತಿಗೆ ಅವನು ಬೆಲ್ಲದ ಕಾಫಿ ಮಾಡಿ ಲೋಟ ಹಿಡಿದು ನಿಂತಿರಬೇಕು. ಬೆಲ್ಲ ಒಂದು ಚೂರು ಕಮ್ಮಿಯಾದರೂ “ಇದೇನ್ಲಾ, ಕಲಗಚ್ಚು” ಎಂದು ಲೋಟ ಪಕ್ಕಕ್ಕೆ ಸರಿಸುತ್ತಿದ್ದಳು. ಅಷ್ಟಾದರೂ ಬೇರೆ ಯಾರ ಕೈಯ ಕಾಫಿಯೂ ಅವಳಿಗೆ ರುಚಿಸುತ್ತಿರಲಿಲ್ಲ. ನನ್ನದನ್ನಂತೂ ಮೂಸಿಯೂ ನೋಡುತ್ತಿರಲಿಲ್ಲ.

ಚಿಕ್ಕಪ್ಪನಿಗೆ ಪ್ರಾಣಿಗಳೆಂದರೆ ಜೀವ. ಅರಸೀಕೆರೆ ಸ್ಟೇಷನ್ನಿನ ಮುಂದೆ ಆಟೋಗಳು ಹೆಚ್ಚಿ ಜಟಕಾಗಳು ಮೂಲೆ ಸೇರಿದಾಗ, ಕೊನೆಯದಾಗಿ ಉಳಿದಿದ್ದ ಒಂದು ಕುದುರೆಯನ್ನು ಊರಿಗೆ ಹೊಡೆದುಕೊಂಡು ಬಂದಿದ್ದ. “ಕುದುರೆ ಕಂಡ್ರೆ ಕಾಲು ನೋವು ನಿಂಗೆ” ಎಂದು ಅಜ್ಜಿ ಬೈದಳು. ಬೈದವಳೇ ಅದಕ್ಕೆ ಹುರುಳಿ ಬೇಯಿಸಿ ಹಾಕತೊಡಗಿದಳು. ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯೇ ಅದರ ಲಾಯವಾಯಿತು. ವರ್ಷಗಟ್ಟಲೆ ಅಲ್ಲೇ ಹಾಯಾಗಿತ್ತು.

ಆಮೇಲೆ ಯಾವುದೋ ಗಳಿಗೆಯಲ್ಲಿ ಚಿಕ್ಕಪ್ಪ ಸೀಮೆ ಹಂದಿ ಸಾಕುತ್ತೇನೆ ಎಂದ. ಮನೆಯೊಳಗೆ ಹಾವು ಬಿಟ್ಟಂತಾಯಿತು.

“ಹಂದಿ ಜತೆ ಸೇರಿದ ಕರು ಹೇಲು ತಿಂತಂತೆ,” ಅಂದಳು ಅಜ್ಜಿ. “ಆ ಪ್ರಾಣಿ ಹೆಸ್ರು ಇನ್ನೊಂದ್ಸಲ ಈ ಮನೇಲಿ ಎತ್ಕೂಡ್ದು. ಸಾಕಂಗಿದ್ರೆ ಕುದುರೇನೂ ಹೊಡ್ಕಂಡು ಹೋಗು. ನಿನ್ ಕೈಯ ಕಾಫೀನೂ ಬ್ಯಾಡ ನಂಗೆ.”

ಅವಳು ಆಡಿದ್ದನ್ನು ಮಾಡುವವಳು. ಇವನು ಅವಳ ಹೊಟ್ಟೆಯಲ್ಲೇ ಹುಟ್ಟಿದವನು. ಮಾರನೆಯ ಬೆಳಿಗ್ಗೆ ಲೋಟ ಹಿಡಿದು ನಿಂತರೆ, ಅಜ್ಜಿ ಅವನನ್ನು ದಾಟಿ ಹೋಗಿ ಕೊಡದ ನೀರು ಬಗ್ಗಿಸಿಕೊಂಡು ಕುಡಿದಳು. ಅವನು ದಿನಾ ಕಾಫಿ ಮಾಡಿ ಜಗಲಿಯ ಮೇಲಿಡುವುದು ಬಿಡಲಿಲ್ಲ. ಅದು ಆರಿ ತಣ್ಣಗಾದ ಮೇಲೆ ತಾನೇ ಕುಡಿಯುತ್ತಿದ್ದ.

ಡಿಪ್ಲೊಮಾ ಮುಗಿಸಿದ್ದ ನಾನು ಆಗ ಅರಸೀಕೆರೆಯಲ್ಲಿ ಒಬ್ಬ ಇಂಜಿನಿಯರ ಹತ್ತಿರ ಮನೆ ಪ್ಲಾನು ಬರೆಯುತ್ತಿದ್ದೆ. ಚಿಕ್ಕಪ್ಪ ಬಂದು ಮೇಜಿನ ಮುಂದೆ ಕೂತ. “ರಸ್ತೆ ಪಕ್ಕದ ತೋಟಕ್ಕೆ ಒಂದು ಮನೆ ಬರ್ಕೊಡವ್ವ. ಎಲ್ಡು ಸಂಸಾರ. ಒಂದು ನಿಂತ್ಕಂಡೇ ನಿದ್ದೆ ಮಾಡ್ತದೆ. ಇನ್ನೊಂದಕ್ಕೆ ಅಟ್ಯಾಚ್ಡ್ ಬಾತ್‌ರೂಮ್ ಬೇಕು.”

ಪಕ್ಕದ ಮೇಜಿನವರು ಬಂದ ಪಾರ್ಟಿ ಭಾರಿ ಎಂದುಕೊಂಡರು. ಹಂದಿಗೆ ಮೈ ಬೆವರುವುದಿಲ್ಲ, ಬಿಸಿಲಿಗೆ ಒದ್ದಾಡುತ್ತದೆ. ಅದಕ್ಕೆ ಹೊರಳಲು ನೀರಿನ ತೊಟ್ಟಿ ಬೇಕು. ಮಲಗುವುದಕ್ಕೆ ಒಂದು ಒಣ ಮೂಲೆ, ಹೊಲಸಿಗೆ ದೂರದಲ್ಲಿ ಒಂದು ಹಸಿ ಮೂಲೆ ಕೊಟ್ಟರೆ ಅದು ತಾನಾಗಿ ವ್ಯತ್ಯಾಸ ತಿಳಿಯುತ್ತದೆ. ನೆಲಕ್ಕೆ ಸಿಮೆಂಟು, ಜಾರದಂತೆ ಪೊರಕೆಯಲ್ಲಿ ಗೀರಿದ್ದು. ಕುದುರೆಗೆ ಸಿಮೆಂಟು ಆಗದು, ಗೊರಸು ನೋಯುತ್ತದೆ, ಬಡಿದು ಕೂರಿಸಿದ ಮಣ್ಣು ಬೇಕು. ಗಾಳಿ ಅದರ ಬೆನ್ನ ಮೇಲೆ ಹಾದುಹೋಗಬೇಕು, ಮುಖಕ್ಕೆ ಹೊಡೆಯಕೂಡದು. ಬಾಗಿಲನ್ನು ಅರ್ಧಕ್ಕೆ ನಿಲ್ಲಿಸಿದೆ. ಸ್ಟೇಷನ್ನಿನ ಮುಂದೆ ಬದುಕು ಕಳೆದ ಪ್ರಾಣಿ ಗೋಡೆ ನೋಡಿಕೊಂಡು ಹೇಗಿದ್ದೀತು, ತಲೆ ಹೊರಗೆ ಹಾಕಿ ಬಸ್ಸು ನೋಡಲಿ ಎಂದು. ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುವುದು ಹೆಚ್ಚು. ಹಾಗಾಗಿ ಹೊಲಸಿನ ವಾಸನೆ ತಟ್ಟದಂತೆ ಕುದುರೆಯನ್ನು ಪಡುವಣಕ್ಕೆ, ಹಂದಿಗಳನ್ನು ಮೂಡಣಕ್ಕೆ ಇಟ್ಟು, ನಡುವೆ ದಪ್ಪ ಗೋಡೆ ಎಳೆದೆ. ಆಮೇಲೆ ಎಷ್ಟೋ ದೊಡ್ಡ ಮನೆಗಳ ಪ್ಲಾನು ಬರೆದಿದ್ದೇನೆ, ಅಷ್ಟು ಪ್ರೀತಿಯಿಂದ ಇನ್ನೊಂದನ್ನು ಬರೆದಿಲ್ಲ.

ಕಟ್ಟಡ ಎದ್ದಿತು, ಹಂದಿಗಳೂ ಬಂದವು. ಆದರೆ ಮನೆಯಲ್ಲಿ ಅವುಗಳ ಹೆಸರೆತ್ತುವಂತಿಲ್ಲವಲ್ಲ. ಅದಕ್ಕೇ ಚಿಕ್ಕಪ್ಪ “ಆಫೀಸ್‌ಗೆ ಹೋಗ್ಬತ್ತೀನಿ” ಎನ್ನತೊಡಗಿದ. ಕೇಳಿದವರೂ ಹಾಗೇ ಅಂದರು, ಬಸ್ಸಿನವರೂ ಅಂದರು. ಒಂದು ಬೆಳಿಗ್ಗೆ ಯಾರೋ ಹಿರಿಯರು ಅರ್ಜಿ ಹಿಡಿದುಕೊಂಡು ಅಲ್ಲಿ ಇಳಿದು, “ಪಹಣಿ ಇಲ್ಲೇ ಕೊಡ್ತಾರೇನ್ರೀ?” ಎಂದು ಕೇಳಿದರಂತೆ. ಚಿಕ್ಕಪ್ಪ ಅವರನ್ನು ಕೂರಿಸಿ ಮಜ್ಜಿಗೆ ಕೊಟ್ಟು ಮುಂದಿನ ಬಸ್ಸಿಗೆ ಹತ್ತಿಸಿದ.

ಹಂದಿಗಳು ಹೊಂದಿಕೊಂಡವು. ಹೊಂದದೆ ಹೋದದ್ದು ಕುದುರೆ. ನಾನು ಅಷ್ಟು ಮುತುವರ್ಜಿಯಿಂದ ಬರೆದ ಎತ್ತರದ ಲಾಯದಲ್ಲಿ ಕಿವಿ ನಿಮಿರಿಸಿಕೊಂಡು ನಿಂತಿರುತ್ತಿತ್ತು. ಮೇವು ಮುಟ್ಟುತ್ತಿರಲಿಲ್ಲ. ಡಾಕ್ಟರು ಬಂದು ನೋಡಿ, ರೋಗವೇನೂ ಇಲ್ಲ ಎಂದರು. ಪಕ್ಕೆಲುಬು ಕಾಣತೊಡಗಿದಾಗ ಚಿಕ್ಕಪ್ಪನ ಮುಖ ನೋಡಲಾಗುತ್ತಿರಲಿಲ್ಲ.

ಭಾನುವಾರ ನಾನು ಹಗರೆಗೆ ಹೋದೆ. ಖಾಲಿ ಬಿದ್ದಿದ್ದ ಹಳೆಯ ಕೋಣೆಯಲ್ಲಿ ನಿಂತಿದ್ದಾಗ, ಮೇಲೆ ಅಟ್ಟದಲ್ಲಿ ಅಜ್ಜಿ ಎಂದಿನಂತೆ ಕಾಯಿಗಳಲ್ಲಿ ಕೈಯಾಡಿಸುತ್ತಿದ್ದಳು. ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಉರುಳಿ ಗುಡುಗುಡು ಅನ್ನುತ್ತಿತ್ತು. ನನಗೆ ಹೊಳೆದದ್ದು ಆಗಲೇ. ಕುದುರೆ ಇಷ್ಟು ವರ್ಷ ತಿಂದದ್ದು, ಮಲಗಿದ್ದು ಈ ಸದ್ದಿನ ಕೆಳಗೆ. ನಾನು ಕೊಟ್ಟ ಸೂರು ಮೌನವಾಗಿತ್ತು.

ಏಣಿಯ ಬುಡದಲ್ಲಿ ನಿಂತು ಹಾಗೆಂದೆ, ಒಂದಿಷ್ಟು ಕಾಯಿ ಆ ಲಾಯದ ಮೇಲೂ ಹಾಕೋಣವೇ ಎಂದು ಕೇಳಿದೆ. ಅಜ್ಜಿಯ ಕೈ ನಿಂತಿತು. “ನನ್ ಕೊಬ್ರೀನಾ? ಅವುಗಳ ಮಗ್ಗುಲಿಗಾ?” ಅಂದಳು. ಮತ್ತೆ ಕಾಯಿಗಳ ಕಡೆ ತಿರುಗಿದಳು. ನಾನೂ ಬಲವಂತ ಮಾಡಲಿಲ್ಲ. ದೇವರ ಮುಂದಿಡುವ ಕೊಬ್ಬರಿ ಅದು. ಅವಳಿಗೆ ಎಷ್ಟು ಕಷ್ಟವೆಂದು ಗೊತ್ತಿತ್ತು.

ಆದರೂ ಚಿಕ್ಕಪ್ಪ ಮತ್ತು ನಾನು ಲಾಯದೊಳಗೆ ಬಿದಿರು ಹಾಸಿ ಒಂದು ಅಟ್ಟ ಕಟ್ಟಿದೆವು. ಕಟ್ಟಿ ಮುಗಿಸುವಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಎರಡು ಚೀಲಗಳ ನಡುವೆ ಅಜ್ಜಿ ಕೂತಿದ್ದಳು.

“ಕುದುರೆಗೆ ತಂದೀನಿ. ನಿಂಗಲ್ಲ,” ಅಂದಳು ಮಗನಿಗೆ.

ಚಿಕ್ಕಪ್ಪ ಕಾಯಿಗಳನ್ನು ಅಟ್ಟಕ್ಕೆ ಸುರಿದ. ಗುಡುಗುಡು ಸದ್ದು ಎದ್ದಿತು. ಕುದುರೆಯ ಕಿವಿಗಳು ಮೇಲಕ್ಕೆ ತಿರುಗಿ, ನಿಧಾನಕ್ಕೆ ಸಡಿಲಾದವು. ಒಮ್ಮೆ ಉಸಿರು ಬಿಟ್ಟು, ತಲೆ ಬಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು. ಚಿಕ್ಕಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಅಜ್ಜಿ ಅದನ್ನು ಕಾಣದವಳ ಹಾಗೆ ಮೂಗಿಗೆ ಸೆರಗು ಹಿಡಿದು ಮೂಡಣದ ಕಡೆ ನಡೆದಳು.

ಅಲ್ಲಿ ಒಂದು ಹೆಣ್ಣು ಹಂದಿ ಒಣ ಮೂಲೆಯಿಂದ ಎದ್ದು, ಮರಿಗಳನ್ನು ತುಳಿಯದೆ ದಾಟಿ, ಆ ಕೊನೆಯ ಹಸಿ ಮೂಲೆಗೆ ಹೋಗಿ ಕೆಲಸ ಮುಗಿಸಿ, ವಾಪಸು ಬಂದು ಮಲಗಿತು. ಅಜ್ಜಿ ಪೂರ್ತಿ ನೋಡಿದಳು. ಸೆರಗು ಕೆಳಗಿಳಿಯಿತು.

“ನಿಮ್ ತಾತ ಹಿತ್ಲು ಗ್ವಾಡೆ ಬಿಟ್ಟು ಒಂದೆಜ್ಜೆ ಅತ್ಲಾಗೆ ಹೋದೋರಲ್ಲ ಕಣೇ,” ಅಂದಳು ನನಗೆ.

ಮತ್ತೆ ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತು, ತನ್ನ ಮಗನನ್ನು ಬಹಳ ದಿನಗಳ ಮೇಲೆ ಮುಖವೆತ್ತಿ ನೋಡಿದಳು. “ಆಫೀಸು, ಆಫೀಸು ಅಂತ ಊರೆಲ್ಲ ಹೇಳ್ಕಂಡು ತಿರುಗ್ತೀಯ. ಬಂದೋರ್ಗೆ ಒಂದ್ಲೋಟ ಕಾಫಿ ಕೊಡೋ ಪದ್ಧತಿ ಇಲ್ವೇನ್ಲಾ ನಿನ್ನಾಫೀಸಲ್ಲಿ?”

ಹುರುಳಿ ಬೇಯಿಸುವ ಒಲೆಯ ಮೇಲೆ ಚಿಕ್ಕಪ್ಪ ಕಾಫಿಗಿಟ್ಟ. ಗಡಿಬಿಡಿಯಲ್ಲಿ ಪುಡಿ ಚೆಲ್ಲಿದ. ಮೊದಲು ಅಜ್ಜಿಗೆ ಕೊಟ್ಟು, ಆಮೇಲೆ ನನಗೆ ಕೊಟ್ಟ. ನಾನು ಒಂದು ಗುಟುಕು ಕುಡಿದು ಗಾಬರಿಯಾದೆ. ಬೆಲ್ಲ ಹಾಕುವುದನ್ನೇ ಮರೆತಿದ್ದ.

ಅಜ್ಜಿ ಕೊನೆಯ ಗುಟುಕಿನ ತನಕ ಕುಡಿದು, ಲೋಟವನ್ನು ಅವನ ಕಡೆ ಚಾಚಿದಳು. “ಇನ್ನೊಂಚೂರು ಬಿಡ್ಲಾ,” ಅಂದಳು.