ದೆವ್ವದ ಬುಟ್ಟಿಯ ಮನೆಯಳಿಯ

ನಮ್ಮ ಬೇಲಿಯಾಚೆಯ ತ್ರಿಜಿಲ್ಲಾ ಅಂಬಿಗೆ ಗಾರೋ ಗುಡ್ಡಸೀಮೆಯ ನಮ್ಮೂರು ಬಾಘ್ಮಾರಾದ ಮಕ್ಕಳು ಇಟ್ಟ ಹೆಸರು ‘ದೆವ್ವದ ಸೂಲಗಿತ್ತಿ’. ಅಂಬಿ ಎಂದರೆ ಅಜ್ಜಿ. ನನ್ನ ಹೆತ್ತವರ ಕಡೆಯ ಅಜ್ಜಿಯೇನಲ್ಲ, ಆದರೆ ಇಬ್ಬರದೂ ಒಂದೇ ಕುಲ. ನಮ್ಮಲ್ಲಿ ಅಷ್ಟು ಸಾಕು. ಎಲೆತುದಿಯಲ್ಲಿ ತೂಗುವ ನೀರುತುಂಬಿದ ಹೂಜಿಗಳಲ್ಲಿ ಹುಳುಹುಪ್ಪಟೆ ಹಿಡಿದು ತಿನ್ನುವ ಹೂಜಿಗಿಡವನ್ನು ಗಾರೋ ಮಾತಿನಲ್ಲಿ ಮೆಮಾಂಗ್ ಕೊಕ್ಸಿ ಎನ್ನುತ್ತೇವೆ, ದೆವ್ವದ ಬುಟ್ಟಿ ಎಂದು. ಅದನ್ನು ಬೀಜದಿಂದ ಮನೆಯಲ್ಲೇ ಹುಟ್ಟಿಸುವವಳು ಈ ಓಣಿಯಲ್ಲಿ ಅವಳೊಬ್ಬಳೇ.

“ಸೂಲಗಿತ್ತಿ ಅಂದ್ರೆ ತಪ್ಪೇನ್ರೋ? ದೆವ್ವಕ್ಕೂ ಯಾರಾದ್ರೂ ಬಾಣಂತನ ಮಾಡ್ಬೇಕಲ್ಲ” ಎಂದು ಅವಳೂ ನಗುತ್ತಿದ್ದಳು.

ಅವಳು ಅದನ್ನು ಬೆಳೆಸಿದ್ದು ಶೋಕಿಗಲ್ಲ. ಅವಳಿಗೆ ಇಪ್ಪತ್ತಾಗಿದ್ದಾಗ ಬಯಲುಸೀಮೆಯಿಂದ ವ್ಯಾಪಾರಿಯೊಬ್ಬ ಬಂದು ಈ ಗಿಡಗಳನ್ನು ಕೊಳ್ಳುತ್ತೇನೆ ಎಂದನಂತೆ. ಸಿಮ್ಸಾಂಗ್ ಹೊಳೆಯಾಚೆಯ ಗುಡ್ಡದಿಂದ ಊರವರೆಲ್ಲ ಹೂಜಿಗಿಡಗಳನ್ನು ಬೇರುಸಮೇತ ಕಿತ್ತರು. ಹಣೆಗೆ ಪಟ್ಟಿ ಕೊಟ್ಟು ಬೆನ್ನಮೇಲೆ ಬುಟ್ಟಿ ಹೊತ್ತವರಲ್ಲಿ ಅಂಬಿಯೂ ಒಬ್ಬಳು. ಮೂರು ಮಳೆಗಾಲ ಹೊತ್ತಳು. ನಾಲ್ಕನೆಯದಕ್ಕೆ ಹೊರಲು ಗುಡ್ಡದಲ್ಲಿ ಏನೂ ಉಳಿದಿರಲಿಲ್ಲ.

“ಬೇರೆಯವ್ರು ಕಿತ್ತಿದ್ರೆ ಬೈಕೊಂಡು ಸುಮ್ನಿರಬಹುದಿತ್ತು. ಪಟ್ಟಿ ಗುರುತು ನನ್ನ ಹಣೆ ಮೇಲೇ ಇತ್ತಲ್ಲ, ಕನ್ನಡಿ ನೋಡ್ದಾಗೆಲ್ಲ ಕಾಣೋದು” ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

ಬೀಜದಿಂದ ಹುಟ್ಟಿಸುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಮೊದಲ ವರ್ಷ ಸಾಸಿವೆಯಂತೆ ಮಣ್ಣೊಳಗೆ ಬಿತ್ತಿದಳು, ಕೊಳೆಯಿತು. ಆಮೇಲೆ ಹಂದಿಗೊಬ್ಬರ ಕೊಟ್ಟಳು, ಮೊಳಕೆ ಕರಕಲಾಯಿತು. ಒಮ್ಮೆ ಬೀಜವನ್ನು ಡಬ್ಬಿಯಲ್ಲಿ ಜೋಪಾನವಾಗಿಟ್ಟು ಮರುವರ್ಷ ತೆಗೆದರೆ ಒಂದರಲ್ಲೂ ಜೀವವಿರಲಿಲ್ಲ. ಕಡೆಗೊಂದು ದಿನ ನೀರು ಜಿನುಗುವ ಬಂಡೆಯ ಪಾಚಿಯ ಮೇಲೆ, ಮಣ್ಣಿನ ಸೋಂಕೂ ಇಲ್ಲದ ಕಡೆ, ಒಂದು ಸಸಿ ಕಂಡಿತು. ಅಂದಿನಿಂದ ತೂತುಬಿದ್ದ ಅಲ್ಯೂಮಿನಿಯಂ ಬೋಗುಣಿಗಳಲ್ಲಿ ಹಸಿ ಪಾಚಿ ಹಾಸಿ, ಆ ವರ್ಷದ ಬೀಜವನ್ನು ಮೇಲೆಯೇ ಉದುರಿಸಿ, ಮಳೆನೀರು ಮಾತ್ರ ಚಿಮುಕಿಸತೊಡಗಿದಳು. ಮೊಳೆಯಲು ಎರಡು ತಿಂಗಳು. ಅಕ್ಕಿಕಾಳಿನಷ್ಟು ಹೂಜಿ ಕಾಣಲು ವರ್ಷ. ಗುಡ್ಡಕ್ಕೆ ಒಯ್ದು ನೆಡಲು ನಾಲ್ಕು ವರ್ಷ. ಹತ್ತು ನೆಟ್ಟರೆ ಮೂರು ನಿಲ್ಲುತ್ತಿದ್ದವು. ಅವಳು ಮತ್ತೆ ಹತ್ತು ಒಯ್ಯುತ್ತಿದ್ದಳು.

ಈ ಗಿಡದಲ್ಲಿ ಹೆಣ್ಣು ಬೇರೆ, ಗಂಡು ಬೇರೆ. ಬೀಜ ಕೊಡುವ ಹಳೆಯ ಹೆಣ್ಣುಬಳ್ಳಿ ಅವಳ ಬಿದಿರು ಜಗಲಿಯ ಕಂಬಕ್ಕೆ ಹಬ್ಬಿತ್ತು. ಗಂಡುಬಳ್ಳಿಯನ್ನು ದೂರದಿಂದ ತಂದು ನಮ್ಮ ಬೇಲಿಯ ಪಕ್ಕ ನೆಟ್ಟಿದ್ದಳು. ಅದಕ್ಕೆ ‘ಮನೆಯಳಿಯ’ ಎಂದು ಹೆಸರು. ನಮ್ಮಲ್ಲಿ ಮದುವೆಯಾದ ಗಂಡಸೇ ಹೆಂಡತಿಯ ಮನೆಗೆ ಬರುವವನು.

“ಅಂಬಿ, ನಿನ್ನ ಅಳಿಯ ಏನು ಕೆಲಸ ಮಾಡ್ತಾನೆ?” ಎಂದು ಒಮ್ಮೆ ಕೇಳಿದ್ದೆ.

“ಹೂ ಬಿಡ್ತಾನೆ, ಒಣಗ್ತಾನೆ. ನನ್ನ ಗಂಡನಿಗಿಂತ ವಾಸಿ ಕಣೆ, ಊಟಕ್ಕೆ ತಡ ಆಯ್ತು ಅಂತ ರೇಗಲ್ಲ.”

ನಾನು ಓದಿದ್ದು ಶಿಲಾಂಗಿನಲ್ಲಿ. ಅಮ್ಮ ಹೋದ ಮೇಲೆ ಮನೆ ನನಗೆ ಬಂತು. ಗಂಡ ತೆಂಗ್ಸಾಂಗ್ ಮತ್ತು ಕೈಗೂಸು ಸಿಲ್ಚಿಯೊಂದಿಗೆ ಇಲ್ಲಿ ನೆಲೆಸಿದೆ. ನೀರನ್ನು ಎರಡು ಸಲ ಕುದಿಸುವವಳು, ಮಗು ಸೀನಿದರೆ ಹಣೆ ಮುಟ್ಟಿ ನೋಡುವವಳು ಎಂದು ಓಣಿಯಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ. ಕಳೆದ ಏಪ್ರಿಲ್‌ನಲ್ಲಿ, ಎರಡೂವರೆ ವರ್ಷದ ಸಿಲ್ಚಿಗೆ ಮಲೇರಿಯಾ ಬಂತು. ಆರು ದಿನ ಆಸ್ಪತ್ರೆಯಲ್ಲಿ ಅವಳ ನಡುಗುವ ಮೈಯನ್ನು ಅಪ್ಪಿಕೊಂಡು ಕೂತಿದ್ದೆ. ಮನೆಗೆ ಬಂದವಳಿಗೆ ಮೊದಲು ಕಂಡದ್ದು ಮಗು ಮಲಗುವ ಕೋಣೆಯ ಕಿಟಕಿಯೆದುರು ತೂಗುತ್ತಿದ್ದ ಅಳಿಯನ ಹೂಜಿಗಳು. ಇಣುಕಿದರೆ ಒಳಗಿನ ನೀರಿನಲ್ಲಿ ಹುಳುಗಳು ಬಳುಕುತ್ತಿದ್ದವು.

“ಅಂಬಿ, ಇದ್ರಲ್ಲಿ ಸೊಳ್ಳೆಮರಿ ಇದಾವೆ.”

“ಇರ್ಲಿ ಬಿಡೆ ಸಿಲ್ಚಿಯಮ್ಮ. ಅದರ ಹೊಟ್ಟೇಲೇ ಹುಟ್ಟಿ ಅಲ್ಲೇ ಬೆಳೆಯೋವು. ನಿನ್ನ ಮಗಳ ರಕ್ತ ಅವಕ್ಕೆ ಬೇಡ.”

“ನಿನಗೆ ಹೇಗೆ ಗೊತ್ತು?”

“ಇಷ್ಟು ವರ್ಷ ಪಕ್ಕದಲ್ಲೇ ಮಲಗಿದೀನಲ್ಲ. ನನಗೆ ಜ್ವರ ಬಂದಿದ್ದೆಲ್ಲ ಗದ್ದೆಗೆ ಹೋದಾಗ.”

ಅಷ್ಟೇ ಮಾತು. ನಾನು ಇನ್ನೊಂದು ಸಲ ಕೇಳಲಿಲ್ಲ, ಬೇಡಲಿಲ್ಲ, ಜಗಳವನ್ನೂ ಆಡಲಿಲ್ಲ.

ಆ ಭಾನುವಾರ ಓಣಿಯೆಲ್ಲ ಚರ್ಚಿಗೆ ಹೋಗಿತ್ತು. ಮಗುವಿನ ನೆಪ ಹೇಳಿ ನಾನು ಉಳಿದೆ. ಸೊಳ್ಳೆಮರಿ ಸಾಯಲು ನಿಂತ ನೀರಿಗೆ ಸೀಮೆಎಣ್ಣೆ ಹಾಕಬೇಕು ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ಚಿತ್ರವಿತ್ತು. ಹೆಣ್ಣುಬಳ್ಳಿಯನ್ನು ನಾನು ಮುಟ್ಟಲಿಲ್ಲ. ಬೀಜ ಕೊಡುವುದು ಅದು, ಅಂಬಿಯ ಜೀವ ಅದರಲ್ಲಿತ್ತು. ಅಳಿಯನಿಗೆ ಏನಾದರೂ ಆದರೂ ನಷ್ಟವೇನು ಎಂದುಕೊಂಡೆ. ಮನೆಯೂ ಹೆಣ್ಣಿನದು, ಕುಲವೂ ಹೆಣ್ಣಿನದು ಎಂದು ಕೇಳುತ್ತ ಬೆಳೆದ ತಲೆಗೆ ಬೀಜಕ್ಕೆ ಗಂಡೂ ಬೇಕೆಂಬುದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಒಂದೊಂದು ಹೂಜಿಗೂ ಸೀಮೆಎಣ್ಣೆ ಸುರಿದೆ. ಬಾಟಲಿಯಲ್ಲಿ ಉಳಿದದ್ದನ್ನು ಒಳಗೆ ತರಲು ಬೇಸರವಾಗಿ ಬುಡಕ್ಕೆ ಚೆಲ್ಲಿದೆ. ಮಧ್ಯಾಹ್ನ ಜೋರು ಮಳೆ ಬಂದು ವಾಸನೆಯನ್ನು ತೊಳೆಯಿತು.

ಎರಡು ವಾರದೊಳಗೆ ಬಳ್ಳಿ ಕಪ್ಪಾಯಿತು. ಅಂಬಿ ಅದರ ಬುಡದಲ್ಲಿ ಕೂತು ಮಣ್ಣನ್ನು ಬೆರಳಿನಿಂದ ಕೆದಕುತ್ತಿದ್ದಳು. ಬೂದಿಯ ಮೇಲೆ ನೀರು ಹನಿಸಿ, ನಮ್ಮ ಸಾರಿಗೆ ಹಾಕುವ ಬೂದಿನೀರನ್ನು ಸೋಸಿ ಇಳಿಸುವ ಬುಟ್ಟಿ ಅದೇ ಬೇಲಿಗೂಟದಲ್ಲಿ ತೂಗುತ್ತಿತ್ತು.

“ನಾನೇ ಕಣೆ ಕೊಂದಿದ್ದು” ಎಂದಳು. “ಗೊಬ್ಬರಾನೇ ತಡೀದ ಗಿಡದ ನೆತ್ತಿ ಮೇಲೆ ಬೂದಿನೀರು ತೊಟ್ಟಿಕ್ಕೋಕೆ ಬಿಟ್ನಲ್ಲ, ನನ್ನಂಥ ದಡ್ಡಿ ಉಂಟಾ?”

ಸಿಲ್ಚಿ ನನ್ನ ಸೊಂಟದ ಮೇಲಿದ್ದಳು. “ಅಯ್ಯೋ ಪಾಪ” ಎಂದೆ. ಆ ಎರಡು ಪದ ನೆನೆದರೆ ಇವತ್ತಿಗೂ ನಾಲಿಗೆ ಕಹಿಯಾಗುತ್ತದೆ.

ಜುಲೈಯಲ್ಲಿ ಹೆಣ್ಣುಬಳ್ಳಿ ಹೂಗೊನೆ ಬಿಟ್ಟಿತು. ಗಂಡಿನ ಪರಾಗವಿಲ್ಲದೆ ಅದು ಸುಮ್ಮನೆ ಒಣಗಬೇಕು. “ಈ ಸಲ ಬಂಜೆ” ಎಂದು ಅಂಬಿ ಬಂದವರಿಗೆಲ್ಲ ತನ್ನ ಬೂದಿಬುಟ್ಟಿಯ ಕಥೆ ಹೇಳತೊಡಗಿದಳು, ಹಿಂದೆ ಹಣೆಪಟ್ಟಿಯ ಕಥೆ ಹೇಳುತ್ತಿದ್ದ ಹಾಗೆಯೇ. ನನಗೆ ಅನ್ನ ಸೇರದಾಯಿತು. ಕೊನೆಗೆ ತೆಂಗ್ಸಾಂಗನಿಗೆ ಹೇಳಿದೆ.

ಅವನು ಬೈಯಲಿಲ್ಲ. “ಈ ಸೀಮೇಲಿ ಗಿಡಗಳಲ್ಲೂ ಏಟು ತಿನ್ನೋನು ಅಳಿಯಾನೇ” ಎಂದ. ಆಮೇಲೆ ನಗದೆ, “ಹೋಗಿ ಹೇಳು” ಎಂದ.

“ಮೊದಲು ಸರಿಮಾಡಿ ಆಮೇಲೆ ಹೇಳ್ತೀನಿ.”

“ಸರಿಹೋದ ಮೇಲೆ ನೀನು ಹೇಳೋಳಾ? ನಿನ್ನ ನಾನು ಕಾಣೆನಾ?”

ಆದರೂ ಬಂದ. ಅವನು ಹುಟ್ಟಿದೂರಿನ ಗುಡ್ಡದಲ್ಲಿ ಗಿಡಗಳಿನ್ನೂ ಇದ್ದವು. ಅಲ್ಲಿನ ಹಿರಿಯನ ಅಪ್ಪಣೆ ಕೇಳಿ, ಅರಳಿದ ಒಂದೇ ಒಂದು ಗಂಡು ಹೂಗೊನೆಯನ್ನು ಕುಯ್ದು ಬಾಳೆಲೆಯಲ್ಲಿ ಸುತ್ತಿಕೊಂಡು ತಂದೆವು. ಅಷ್ಟು ಹೊತ್ತೂ ಸಿಲ್ಚಿಯನ್ನು ನೋಡಿಕೊಂಡವಳು ಅಂಬಿಯೇ. ನಾವು ಬರುವಾಗ ಮಗು ಅವಳ ತೊಡೆಯ ಮೇಲೆ ನಿದ್ದೆಹೋಗಿತ್ತು, ಅವಳು ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದಳು.

ಅಂಬಿ ಬಾಳೆಲೆ ಬಿಚ್ಚಿದಳು. ಕೋಳಿಪುಕ್ಕದಿಂದ ಪರಾಗ ತೆಗೆದು ಹೆಣ್ಣುಹೂಗಳಿಗೆ ಸವರಿದಳು. ಮುಂದಿನ ಭಾನುವಾರ ಚರ್ಚಿನ ಹೆಂಗಸರ ಕೂಟದಲ್ಲಿ ಎದ್ದು ನಿಂತಳು.

“ಶಿಲಾಂಗಲ್ಲಿ ಓದಿದ ಹುಡುಗೀರಿಗೆ ಕರುಳಿಲ್ಲ ಅಂತೀರಲ್ಲ. ನಾನು ಕೊಂದಿದ್ದಕ್ಕೆ ಈ ಮಗು ಬೆಟ್ಟ ಹತ್ತಿ ಬಂತು.”

ಎಲ್ಲರೂ ನನ್ನ ಕಡೆ ತಿರುಗಿದರು. ಯಾರೋ ಬೆನ್ನು ಸವರಿದರು. ನಾನು ತಲೆ ತಗ್ಗಿಸಿದೆ. ನಾಚಿಕೆಯ ಸ್ವಭಾವ ಎಂದುಕೊಂಡರು.

ಗಂಡ ಅಂದದ್ದೇ ನಿಜವಾಯಿತು. ಆಗಸ್ಟ್ ಪೂರ್ತಿ ಬಾಯಿ ಬಿಡಲಿಲ್ಲ. ಕಾಯಿಗಳು ಊದಿಕೊಳ್ಳುತ್ತಿದ್ದವು, ಇನ್ನು ಹೇಳಿ ಆಗಬೇಕಾದ್ದೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವಳ ಅಡುಗೆಮನೆಗೆ ಹೋದಾಗ ಅವಳು ಒಣಮೀನನ್ನು ಬರಿ ಉಪ್ಪುಮೆಣಸಿನಲ್ಲಿ ಕುದಿಸುತ್ತಿದ್ದಳು. ಬೂದಿನೀರಿಲ್ಲದ ಸಾರು ಅವಳಿಗೆ ಗಂಟಲಲ್ಲಿ ಇಳಿಯುವುದಿಲ್ಲವೆಂದು ನನಗೆ ಗೊತ್ತು.

“ಯಾಕೆ ಅಂಬಿ?”

“ಬುಟ್ಟಿ ಸುಟ್ಟುಬಿಟ್ಟೆ. ಇನ್ನು ಇರೋಷ್ಟು ದಿನ ಬೂದಿನೀರು ಬೇಡ ಅಂತ ದೇವರಿಗೆ ಹೇಳ್ಕೊಂಡಿದೀನಿ. ತಪ್ಪಿಗೆ ಬಾಯಾದ್ರೂ ಕಟ್ಟಬೇಡ್ವಾ?”

ನಾನು ಒಲೆಯ ಪಕ್ಕ ಕೂತೆ. ಎಲ್ಲ ಹೇಳಿದೆ. ಶಾಲೆಯ ಗೋಡೆಯ ಚಿತ್ರದಿಂದ ಬುಡಕ್ಕೆ ಚೆಲ್ಲಿದ್ದರವರೆಗೆ.

ಅವಳು ಸೌಟು ಕೆಳಗಿಟ್ಟಳು. “ಬುಡಕ್ಕೂ ಹಾಕ್ದ್ಯಾ?”

“ಹೂಂ.”

“ಭಯ ಆಯ್ತು, ಹೂಜಿ ಬಾಯಿಗೆ ಬಟ್ಟೆ ಕಟ್ಟು ಅಂದಿದ್ರೆ ಕಟ್ಟಿಕೊಡ್ತಿದ್ನಲ್ಲೇ. ಹಳೇ ಸೊಳ್ಳೆಪರದೆ ಪೆಟ್ಟಿಗೇಲೇ ಬಿದ್ದಿದೆ.”

“ಮಗು ಜ್ವರ ನೋಡಿ ನನಗೆ—”

“ಮಗೂನ ಮುಂದೆ ಹಿಡೀಬೇಡ. ಗಿಡ ಸತ್ತಿದ್ದು ಹೋಗ್ಲಿ, ಹೆದರಿದ ತಾಯಿ ಏನು ಬೇಕಾದ್ರೂ ಮಾಡ್ತಾಳೆ. ನಾನು ಹೊತ್ತಿದ್ದನ್ನ ನಾನು ಊರಿಗೆಲ್ಲ ಹೇಳ್ಕೊಂಡೆ. ನೀನು ನಿಂದನ್ನೂ ನನ್ನ ಹಣೆಗೇ ಕಟ್ಟಿ ನೋಡ್ತಾ ಕೂತೆ. ಎಷ್ಟು ತಿಂಗಳು?”

ನಾನು ಬೆರಳು ಮಡಿಸತೊಡಗಿದೆ. “ಎದ್ದು ಹೋಗು” ಎಂದಳು. ಜೋರಾಗಿಯೇನಲ್ಲ. ಹೋದೆ.

ಮುಂದಿನ ಭಾನುವಾರ ಹೆಂಗಸರ ಕೂಟದಲ್ಲಿ, ಅವಳು ಹೊಗಳಿದ ಜಾಗದಲ್ಲೇ ನಿಂತು, ನಾನೇ ಹೇಳಿದೆ. ಬೆನ್ನು ಸವರಿದವರು ಸರಿದು ಕೂತರು. ಅಂಬಿ ಹಾಡಿನ ಪುಸ್ತಕದಿಂದ ತಲೆ ಎತ್ತಲಿಲ್ಲ. ಆಮೇಲೆ ವಾರಗಟ್ಟಲೆ ಸಿಲ್ಚಿಯನ್ನು ಮಾತ್ರ ಬೇಲಿಯ ಸಂದಿಯಿಂದ ಕರೆದುಕೊಳ್ಳುತ್ತಿದ್ದಳು. ನನ್ನ ಜೊತೆ ಮಾತಿಲ್ಲ.

ಡಿಸೆಂಬರಿನಲ್ಲಿ ಕಾಯಿಗಳು ಕಂದು ತಿರುಗಿ ಬಿರಿದವು. ಬೆಳಿಗ್ಗೆ ಸಿಲ್ಚಿಯನ್ನು ಕರೆತರಲು ಹೋದವಳು ಅಂಗಳದ ಅಂಚಿನಲ್ಲೇ ನಿಂತುಬಿಟ್ಟೆ. ಅಂಬಿ ಜಗಲಿಯಲ್ಲಿ ಬೋಗುಣಿ ಹರವಿಕೊಂಡು ಕೂತಿದ್ದಳು. ಅಂಗೈಯಲ್ಲಿ ಬೀಜ: ಕತ್ತರಿಸಿದ ಕೂದಲಿನಷ್ಟು ಸಣ್ಣ, ಗಾಳಿ ತಾಕಿದರೂ ಹಾರುವಂಥದು. ಅವಳ ಕಣ್ಣು ಮೊದಲಿನಂತಿರಲಿಲ್ಲ, ಬೀಜ ಅರ್ಧ ಪಾಚಿಯ ಮೇಲೆ, ಅರ್ಧ ನೆಲದ ಮೇಲೆ ಉದುರುತ್ತಿತ್ತು. ಎರಡು ಸಲ ಹಾಗಾಯಿತು.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

“ಅಲ್ಲೇನು ನೋಡ್ತಾ ನಿಂತೀಯ? ಬಂದು ಬೋಗುಣಿ ಹಿಡಿ” ಎಂದಳು. “ಉಸಿರು ಬಿಡ್ಬೇಡ.”

ನಾನು ಹತ್ತಿರ ಹೋಗಿ ಮೊಣಕಾಲೂರಿದೆ. ಬೋಗುಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಉಸಿರು ಬಿಗಿಹಿಡಿದೆ.